ಸೈಬರ್ ಭದ್ರತಾ ಕಂಪನಿಗಳು ಕೈಬದಲಾಗುತ್ತಿವೆ: ಕಲಬುರಗಿಯ ಗ್ರಾಹಕರಿಗೆ ಇದರಿಂದ ಏನಾಗುತ್ತದೆ?

2025ರ ಮಾರ್ಚ್‌ನಲ್ಲಿ ಗೂಗಲ್ ಕಂಪನಿಯು ವಿಝ್ ಎಂಬ ಸೈಬರ್ ಭದ್ರತಾ ಸಂಸ್ಥೆಯನ್ನು 3,200 ಕೋಟಿ ಡಾಲರ್ ನಗದಿಗೆ ಕೊಳ್ಳುವುದಾಗಿ ಘೋಷಿಸಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 2.75 ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025–26ನೇ ಸಾಲಿನ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, 2020ರಲ್ಲಷ್ಟೇ ಹುಟ್ಟಿದ ಕಂಪನಿಯೊಂದಕ್ಕೆ ಈ ರಾಜ್ಯದ ಒಂದು ವರ್ಷದ ಬಜೆಟ್ಟಿನ ಮೂರನೇ ಎರಡು ಭಾಗದಷ್ಟು ಬೆಲೆ ಬಂದಿತು ಎಂದಾಯಿತು. ಅದೇ ವರ್ಷದ ಜುಲೈ ಕೊನೆಯಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕಂಪನಿಯು ಸೈಬರ್‌ಆರ್ಕ್ ಅನ್ನು ಸುಮಾರು 2,500 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ, ಸಿಸ್ಕೊ ಕಂಪನಿ ಸ್ಪ್ಲಂಕ್ ಅನ್ನು 2,800 ಕೋಟಿ ಡಾಲರ್‌ಗೆ ಕೊಂಡು ಮುಗಿಸಿತ್ತು.

ಇಂತಹ ಸುದ್ದಿಗಳಲ್ಲಿ ಮೊತ್ತ ಅರ್ಥವಾಗುತ್ತದೆ, ಉದ್ದೇಶ ಅರ್ಥವಾಗುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಿಂದ ವರ್ಷಕ್ಕೊಮ್ಮೆ ಆ್ಯಂಟಿವೈರಸ್ ತರುವವರಿಗೆ, ಗಂಜ್‌ನ ದಾಲ್‌ಮಿಲ್‌ಗಳಲ್ಲಿ ಗಣಕದ ಮೇಲೆ ಲೆಕ್ಕ ಇಡುವವರಿಗೆ, ಬೀದರ್‌ನ ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವವರಿಗೆ, ಯಾದಗಿರಿಯ ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿಗೆ ಈ ಸುದ್ದಿ ತಮ್ಮ ಮಟ್ಟಿಗೆ ಏನನ್ನು ಹೇಳುತ್ತಿದೆ ಎಂಬುದು ಸ್ಪಷ್ಟವಾಗುವುದಿಲ್ಲ. ಈ ಖರೀದಿಗಳಿಂದ ಭದ್ರತೆ ಹೆಚ್ಚುತ್ತದೆ ಎನ್ನುವವರೂ ಇದ್ದಾರೆ, ಕುಗ್ಗುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ಉದಾಹರಣೆಗಳಿವೆ. ಆ ಉದಾಹರಣೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಾಣುವುದು ಇದು: ಒಪ್ಪಂದದ ಗಾತ್ರಕ್ಕಿಂತಲೂ, ಒಪ್ಪಂದವಾದ ನಂತರ ಹಳೆಯ ಉತ್ಪನ್ನವನ್ನು ಯಾರು, ಎಷ್ಟು ವರ್ಷ, ಯಾವ ದರಕ್ಕೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಆ ಪ್ರಶ್ನೆಯಲ್ಲಿ ಅತಿ ಕಡಿಮೆ ದನಿ ಇರುವುದು ಸಣ್ಣ ಗ್ರಾಹಕರಿಗೆ.

ಮಾರಾಟವಾಗುವುದು ಏನು?

ಭದ್ರತಾ ತಂತ್ರಾಂಶವನ್ನು ಒಮ್ಮೆ ಕೊಂಡು ತಂದರೆ ವ್ಯವಹಾರ ಮುಗಿಯುವುದಿಲ್ಲ. ಹೊಸ ವೈರಸ್‌ಗಳ ಗುರುತು ದಿನವೂ ಗಣಕಕ್ಕೆ ಇಳಿಯಬೇಕು, ತಂತ್ರಾಂಶದಲ್ಲೇ ದೋಷ ಕಂಡುಬಂದರೆ ಅದಕ್ಕೆ ಪ್ಯಾಚ್ ಹೊರಬರಬೇಕು, ದಾಳಿ ನಡೆದ ರಾತ್ರಿ ಫೋನ್ ಎತ್ತಿಕೊಳ್ಳಲು ಒಬ್ಬ ತಂತ್ರಜ್ಞ ಇರಬೇಕು. ಗ್ರಾಹಕರು ದುಡ್ಡು ತೆರುವುದು ಈ ನಿರಂತರ ಸೇವೆಗೆ. ಇನ್ನೊಂದು ವಿಷಯವೂ ಇದೆ. ಭದ್ರತಾ ತಂತ್ರಾಂಶವು ತನ್ನ ಕೆಲಸ ಮಾಡಬೇಕಾದರೆ ಗಣಕದ ಒಳಗೆ ಬೇರೆ ಯಾವ ತಂತ್ರಾಂಶಕ್ಕೂ ಇಲ್ಲದಷ್ಟು ಅಧಿಕಾರವನ್ನು ಅದಕ್ಕೆ ಕೊಡಬೇಕಾಗುತ್ತದೆ: ಎಲ್ಲ ಕಡತಗಳನ್ನು ತೆರೆದು ನೋಡುವ, ಯಾವುದನ್ನು ಬೇಕಾದರೂ ತಡೆಯುವ, ಕೇಳದೆಯೇ ತನ್ನನ್ನು ತಾನು ಬದಲಿಸಿಕೊಳ್ಳುವ ಅಧಿಕಾರ. ಹೀಗಾಗಿ ಕಂಪನಿ ಕೈಬದಲಾದಾಗ ಆ ಅಧಿಕಾರವೂ ಗ್ರಾಹಕರ ಗಮನಕ್ಕೆ ಬಾರದಂತೆ ಕೈಬದಲಾಗುತ್ತದೆ.

ಕಲ್ಯಾಣ ಕರ್ನಾಟಕದ ಓದುಗರಿಗೆ ಇದಕ್ಕೆ ಹತ್ತಿರದ ಅನುಭವವೆಂದರೆ ಬ್ಯಾಂಕುಗಳ ವಿಲೀನ. ಕಲಬುರಗಿಯಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಗಿ, 2019ರಲ್ಲಿ ಇನ್ನೊಂದು ಬ್ಯಾಂಕಿನೊಡನೆ ಸೇರಿ, 2025ರ ಮೇ 1ರಂದು ಮತ್ತೊಮ್ಮೆ ಸೇರಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಯಿತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು, ಹಳೆಯ ಚೆಕ್ ಪುಸ್ತಕಗಳಿಗೆ ಕೊಟ್ಟಿದ್ದ ಸೆಪ್ಟೆಂಬರ್ 30ರ ಗಡುವನ್ನು ಡಿಸೆಂಬರ್ 31ರವರೆಗೆ ಮುಂದೂಡಲಾಯಿತು. ತೊಂದರೆಗಳಾದವು, ಆದರೆ ಠೇವಣಿ ಠೇವಣಿಯಾಗಿಯೇ ಉಳಿಯಿತು, ಏಕೆಂದರೆ ಅದರ ಹಿಂದೆ ಕಾನೂನಿತ್ತು, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆ ಇತ್ತು. ತಂತ್ರಾಂಶದ ಮಾರುಕಟ್ಟೆಯಲ್ಲಿ ಅಂತಹ ಮೇಲ್ವಿಚಾರಕರಿಲ್ಲ. ಹೊಸ ಮಾಲೀಕರು ಹಳೆಯ ಉತ್ಪನ್ನವನ್ನು ಮುಂದುವರಿಸಬಹುದು, ಬೆಲೆ ಏರಿಸಬಹುದು, ಇಲ್ಲವೇ ನಿಲ್ಲಿಸಿಯೂ ಬಿಡಬಹುದು. ಲೈಸೆನ್ಸ್ ಕರಾರಿನಲ್ಲಿ ಬರೆದಿರುವುದಷ್ಟೇ ಗ್ರಾಹಕರ ಹಕ್ಕು, ಮತ್ತು ಆ ಕರಾರನ್ನು ಬರೆದವರು ಮಾರಾಟಗಾರರೇ.

ಇಷ್ಟೊಂದು ಖರೀದಿ ಏಕೆ?

ಮೊದಲ ಕಾರಣ, ದೊಡ್ಡ ಗ್ರಾಹಕರ ಆಯಾಸ. ಐಬಿಎಂ ಮತ್ತು ಪಾಲೊ ಆಲ್ಟೊ 2025ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಸಂಸ್ಥೆ ಸರಾಸರಿ 29 ಮಾರಾಟಗಾರರಿಂದ ಪಡೆದ 83 ಭದ್ರತಾ ಸಾಧನಗಳನ್ನು ನಿಭಾಯಿಸುತ್ತಿದೆ. ಅಧ್ಯಯನ ಮಾಡಿಸಿದವರೇ ‘ಎಲ್ಲವೂ ಒಂದೇ ಕಡೆ’ ಎಂಬ ಸರಕನ್ನು ಮಾರುವವರು ಎಂಬುದನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಆದರೂ ದೂರು ಸುಳ್ಳಲ್ಲ. ಮಾರಾಟಗಾರರ ಸಂಖ್ಯೆಯನ್ನು ಇಳಿಸಲು ಹೊರಟ ಸಂಸ್ಥೆಗಳ ಪ್ರಮಾಣ 2020ರಲ್ಲಿ ಶೇ 29 ಇದ್ದದ್ದು 2022ರಲ್ಲಿ ಶೇ 75ಕ್ಕೆ ಏರಿತೆಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆಯಾದ ಗಾರ್ಟ್ನರ್‌ನ ಸಮೀಕ್ಷೆಯೂ ಹೇಳಿತ್ತು.

ಎರಡನೆಯ ಕಾರಣ, ಮೈಕ್ರೋಸಾಫ್ಟ್‌ನ ಒತ್ತಡ. ತನ್ನ ಭದ್ರತಾ ವ್ಯವಹಾರದ ವಾರ್ಷಿಕ ಆದಾಯ 2,000 ಕೋಟಿ ಡಾಲರ್ ದಾಟಿದೆ ಎಂದು ಅದು 2023ರ ಆರಂಭದಲ್ಲೇ ಹೇಳಿತ್ತು. ಕಚೇರಿ ತಂತ್ರಾಂಶದ ಚಂದಾದೊಳಗೇ ಭದ್ರತೆಯನ್ನೂ ಸೇರಿಸಿ ಕೊಡುವ ಕಂಪನಿಯ ಎದುರು, ಒಂದೇ ಒಂದು ಕೆಲಸವನ್ನು ಚೆನ್ನಾಗಿ ಮಾಡುವ ಸಣ್ಣ ಕಂಪನಿ ಎಷ್ಟು ದಿನ ನಿಲ್ಲಬಲ್ಲದು ಎಂಬುದು ಸಹಜ ಪ್ರಶ್ನೆ. ಆ ಪ್ರಶ್ನೆಗೆ ಉಳಿದ ದೊಡ್ಡ ಕಂಪನಿಗಳು ಕೊಟ್ಟ ಉತ್ತರವೇ ಖರೀದಿ.

ಮೂರನೆಯದು ಬಂಡವಾಳದ ಲೆಕ್ಕ. ಅನೇಕ ಭದ್ರತಾ ನವೋದ್ಯಮಗಳು ಆರಂಭದಿಂದಲೇ ಮಾರಾಟವಾಗುವ ಗುರಿಯೊಡನೆ ಬೆಳೆಯುತ್ತವೆ. ವಿಝ್‌ನ ಸ್ಥಾಪಕರಲ್ಲಿ ಪ್ರಮುಖರು ಅದಕ್ಕೆ ಮೊದಲು ಅಡಲೋಮ್ ಎಂಬ ಕಂಪನಿಯನ್ನು ಕಟ್ಟಿ 2015ರಲ್ಲಿ ಮೈಕ್ರೋಸಾಫ್ಟ್‌ಗೆ ಮಾರಿದವರು. ಇನ್ನೊಂದು ತುದಿಯಲ್ಲಿ ಥೋಮಾ ಬ್ರಾವೊದಂತಹ ಹೂಡಿಕೆ ಸಂಸ್ಥೆಗಳಿವೆ. ಅದು ಸೋಫೋಸ್, ಪ್ರೂಫ್‌ಪಾಯಿಂಟ್, ಸೇಲ್‌ಪಾಯಿಂಟ್, ಪಿಂಗ್ ಐಡೆಂಟಿಟಿ, ಫೋರ್ಜ್‌ರಾಕ್, ಡಾರ್ಕ್‌ಟ್ರೇಸ್‌ಗಳನ್ನು 2020ರಿಂದ 2024ರೊಳಗೆ ಒಂದರ ಮೇಲೊಂದರಂತೆ ಕೊಂಡಿತು. ಗುರುತಿನ ನಿರ್ವಹಣೆಯಲ್ಲಿ, ಅಂದರೆ ಲಾಗಿನ್ ಆಗುವವರು ಯಾರೆಂದು ಖಚಿತಪಡಿಸುವ ಕೆಲಸದಲ್ಲಿ, ಪರಸ್ಪರ ಸ್ಪರ್ಧಿಗಳಾಗಿದ್ದ ಪಿಂಗ್ ಮತ್ತು ಫೋರ್ಜ್‌ರಾಕ್‌ಗಳನ್ನು ಕೊನೆಗೆ ಒಂದಾಗಿಸಿತು. ಇಂತಹ ಸಂಸ್ಥೆಗಳು ಕೆಲವು ವರ್ಷಗಳಲ್ಲಿ ಲಾಭಕ್ಕೆ ಮಾರಿ ಹೊರಬರಲೆಂದೇ ಕೊಳ್ಳುತ್ತವೆ. ಅಂದರೆ ಇಂದಿನ ಮಾಲೀಕರು ನಾಳೆಯೂ ಇರುತ್ತಾರೆಂದು ಗ್ರಾಹಕರು ಎಣಿಸುವಂತಿಲ್ಲ.

ಪರವಾದ ವಾದ

ಖರೀದಿಗಳನ್ನು ಸಮರ್ಥಿಸುವವರ ವಾದದಲ್ಲಿ ತಿರುಳಿದೆ. ದಾಳಿಕೋರರು ಒಂದೇ ಬಾಗಿಲಿನಿಂದ ಬಂದು ಅಲ್ಲೇ ಉಳಿಯುವುದಿಲ್ಲ. ಒಬ್ಬ ಸಿಬ್ಬಂದಿಯ ಇಮೇಲ್‌ಗೆ ಬಂದ ನಕಲಿ ಪತ್ರದಿಂದ ಪಾಸ್‌ವರ್ಡ್ ಕದ್ದು, ಅದರಿಂದ ಸರ್ವರ್ ಪ್ರವೇಶಿಸಿ, ಅಲ್ಲಿಂದ ಬ್ಯಾಕಪ್ ಅಳಿಸಿ, ಕೊನೆಗೆ ಎಲ್ಲ ಕಡತಗಳಿಗೂ ಬೀಗ ಹಾಕಿ ಹಣ ಕೇಳುತ್ತಾರೆ. ಇಮೇಲ್ ನೋಡುವುದು ಒಂದು ಕಂಪನಿಯ ಸಾಧನ, ಪಾಸ್‌ವರ್ಡ್ ನೋಡುವುದು ಇನ್ನೊಂದರದು, ಸರ್ವರ್ ನೋಡುವುದು ಮತ್ತೊಂದರದು ಎಂದಾದರೆ, ಮೂರೂ ಕಡೆ ಸಣ್ಣ ಸಣ್ಣ ಸುಳಿವು ದಾಖಲಾಗಿಯೂ ಅವುಗಳನ್ನು ಜೋಡಿಸಿ ನೋಡುವವರು ಇರುವುದಿಲ್ಲ. ಪಾಲೊ ಆಲ್ಟೊ ಸೈಬರ್‌ಆರ್ಕ್ ಅನ್ನು ಬಯಸಿದ್ದು ಇದೇ ಕಾರಣಕ್ಕೆ. ಸೈಬರ್‌ಆರ್ಕ್‌ನ ಪರಿಣತಿ ಇರುವುದು ವ್ಯವಸ್ಥೆಯ ಆಡಳಿತಗಾರರಂತಹ ಹೆಚ್ಚಿನ ಅಧಿಕಾರವುಳ್ಳ ಖಾತೆಗಳ ರಕ್ಷಣೆಯಲ್ಲಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮನುಷ್ಯರ ಪರವಾಗಿ ತಾವೇ ಲಾಗಿನ್ ಆಗಿ ಕೆಲಸ ಮಾಡತೊಡಗಿರುವಾಗ ಇಂತಹ ಖಾತೆಗಳ ಸಂಖ್ಯೆ ಹೆಚ್ಚುತ್ತದೆ ಎಂಬುದು ಅವರ ಲೆಕ್ಕಾಚಾರ.

ಹಣದ ಬೆಂಬಲವೂ ಕಡೆಗಣಿಸುವಂಥದ್ದಲ್ಲ. ದಾಳಿಗಳ ತನಿಖೆಯಲ್ಲಿ ಹೆಸರಾದ ಮ್ಯಾಂಡಿಯಂಟ್ 2022ರಲ್ಲಿ 540 ಕೋಟಿ ಡಾಲರ್‌ಗೆ ಗೂಗಲ್ ಪಾಲಾದ ನಂತರವೂ ತನ್ನ ಹೆಸರಿನಲ್ಲೇ ತನಿಖಾ ವರದಿಗಳನ್ನು ಪ್ರಕಟಿಸುತ್ತಿದೆ. ಸ್ವತಂತ್ರವಾಗಿ ಉಳಿದು ಹಣವಿಲ್ಲದೆ ಮುಚ್ಚಿಹೋಗುವ ಕಂಪನಿಗಿಂತ, ದೊಡ್ಡವರ ಕೈಸೇರಿ ಬದುಕುವ ಕಂಪನಿ ಗ್ರಾಹಕರಿಗೆ ಮೇಲು ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಐದು ಮನೆ ಕಂಡ ಒಂದು ವಿಪಿಎನ್

ವಿರುದ್ಧ ವಾದವನ್ನು ಅರಿಯಲು ಒಂದೇ ಉತ್ಪನ್ನದ ಹಾದಿಯನ್ನು ಕೊನೆಯವರೆಗೂ ಹಿಂಬಾಲಿಸುವುದು ಉಪಯುಕ್ತ. ಸಿಬ್ಬಂದಿಯು ಮನೆಯಿಂದಲೋ ದೂರದ ಶಾಖೆಯಿಂದಲೋ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಲು ಬಳಸುವ ವಿಪಿಎನ್ ಸಾಧನವೊಂದನ್ನು ನಿಯೋಟೆರಿಸ್ ಎಂಬ ಸಣ್ಣ ಕಂಪನಿ ಕಟ್ಟಿತು. 2003ರಲ್ಲಿ ಅದನ್ನು ನೆಟ್‌ಸ್ಕ್ರೀನ್ ಕೊಂಡಿತು. 2004ರಲ್ಲಿ ನೆಟ್‌ಸ್ಕ್ರೀನ್ ಅನ್ನೇ ಜೂನಿಪರ್ ಕೊಂಡಿತು. ಹತ್ತು ವರ್ಷಗಳ ನಂತರ, 2014ರಲ್ಲಿ, ಜೂನಿಪರ್ ಆ ವಿಭಾಗವನ್ನು ಸುಮಾರು 25 ಕೋಟಿ ಡಾಲರ್‌ಗೆ ಸಿರಿಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಅದು ಪಲ್ಸ್ ಸೆಕ್ಯೂರ್ ಎಂಬ ಹೆಸರು ಪಡೆಯಿತು. 2020ರ ಡಿಸೆಂಬರ್‌ನಲ್ಲಿ ಅದು ಇವಾಂಟಿ ಕಂಪನಿಯ ಕೈಸೇರಿತು.

ಇವಾಂಟಿ ಕೊಂಡು ನಾಲ್ಕೇ ತಿಂಗಳಿಗೆ, 2021ರ ಏಪ್ರಿಲ್‌ನಲ್ಲಿ, ಆ ಸಾಧನದ ಇನ್ನೂ ಯಾರಿಗೂ ತಿಳಿಯದಿದ್ದ ದೋಷವೊಂದನ್ನು ಬಳಸಿ ದಾಳಿಗಳು ನಡೆಯುತ್ತಿರುವುದು ಬಯಲಾಯಿತು. 2024ರ ಜನವರಿ 10ರಂದು ಮತ್ತೆ ಎರಡು ದೋಷಗಳು ಹೊರಬಿದ್ದವು. ಆ ವೇಳೆಗೆ ಹ್ಯಾಕರ್‌ಗಳು ಅವುಗಳನ್ನು ಬಳಸುತ್ತಿದ್ದರು. ಮೊದಲ ಪ್ಯಾಚ್ ಹೊರಬಂದದ್ದು ಜನವರಿ 31ಕ್ಕೆ. ಅದೇ ದಿನ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯಾದ ಸಿಸಾ, ಈ ಸಾಧನಗಳನ್ನು ಎರಡು ದಿನಗಳೊಳಗೆ ಜಾಲದಿಂದ ಕಿತ್ತುಹಾಕುವಂತೆ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಆದೇಶಿಸಿತು. ಸಿಸಾದ ಸ್ವಂತ ವ್ಯವಸ್ಥೆಗಳೇ ಇದರ ಮೂಲಕ ದಾಳಿಗೆ ಒಳಗಾಗಿದ್ದ ಸಂಗತಿ ಮಾರ್ಚ್‌ನಲ್ಲಿ ತಿಳಿದುಬಂತು. ಸಾಧನದ ಒಳಗನ್ನು ಬಿಚ್ಚಿ ನೋಡಿದ ಎಕ್ಲಿಪ್ಸಿಯಂ ಸಂಶೋಧಕರಿಗೆ ಅಲ್ಲಿ ಕಂಡದ್ದು 2013ರಲ್ಲಿ ಬಿಡುಗಡೆಯಾಗಿ 2020ರ ನವೆಂಬರ್‌ನಲ್ಲೇ ಬೆಂಬಲ ಕಳೆದುಕೊಂಡಿದ್ದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿ.

ಕೈಬದಲಾದದ್ದರಿಂದಲೇ ದೋಷ ಹುಟ್ಟಿತು ಎಂದು ಇದರಿಂದ ಸಾಧಿಸಲಾಗದು. ಒಂದೇ ಮಾಲೀಕರ ಕೈಯಲ್ಲಿರುವ ಸಾಧನಗಳಲ್ಲೂ ಗಂಭೀರ ದೋಷಗಳು ಕಂಡಿವೆ. ಆದರೆ ಇಲ್ಲಿನ ಕಾರ್ಯಕಾರಣವನ್ನು ಊಹಿಸುವುದು ಕಷ್ಟವಲ್ಲ. ಹಳೆಯ ತಂತ್ರಾಂಶದ ತಳಪಾಯವನ್ನು ಬದಲಿಸುವುದು ದುಬಾರಿ ಕೆಲಸ, ಅದರ ಫಲ ಹೊರಗೆ ಕಾಣುವುದಿಲ್ಲ, ಮಾರಾಟದ ಬೆಲೆಯನ್ನು ಅದು ತಕ್ಷಣ ಹೆಚ್ಚಿಸುವುದೂ ಇಲ್ಲ. ಕೆಲವು ವರ್ಷಗಳಲ್ಲಿ ಮಾರುವ ಇರಾದೆಯಿರುವ ಮಾಲೀಕರು ಆ ಖರ್ಚನ್ನು ಮುಂದಿನವರಿಗೆ ಬಿಡುತ್ತಾರೆ. ಮುಂದಿನವರು ಕೊಂಡ ಬೆಲೆಯನ್ನು ಹಿಂಪಡೆಯುವ ಅವಸರದಲ್ಲಿರುತ್ತಾರೆ. ಜೊತೆಗೆ ಪ್ರತಿ ಕೈಬದಲಾವಣೆಯಲ್ಲೂ ಮೂಲ ಎಂಜಿನಿಯರುಗಳಲ್ಲಿ ಒಂದಷ್ಟು ಜನ ಕೆಲಸ ಬಿಡುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಒಂದು ಸಾಲು ಏಕೆ ಹಾಗೆ ಬರೆಯಲ್ಪಟ್ಟಿತ್ತು ಎಂಬುದನ್ನು ಬಲ್ಲವರು ಕೊನೆಗೆ ಯಾರೂ ಉಳಿದಿರುವುದಿಲ್ಲ.

ಕೊಂಡವರಿಗೆ ಒಳಗಿರುವ ಕಳ್ಳರೂ ಸೇರಿ ಬರುವುದುಂಟು. ಅವಾಸ್ಟ್ ಕಂಪನಿ 2017ರ ಜುಲೈನಲ್ಲಿ, ಸಿಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶ ತಯಾರಿಸುತ್ತಿದ್ದ ಪಿರಿಫಾರ್ಮ್ ಅನ್ನು ಕೊಂಡಿತು. ಹ್ಯಾಕರ್‌ಗಳು ಅದೇ ವರ್ಷದ ಮಾರ್ಚ್‌ನಲ್ಲೇ ಪಿರಿಫಾರ್ಮ್‌ನ ಜಾಲದೊಳಗೆ ಸೇರಿಕೊಂಡಿದ್ದರು. ಆಗಸ್ಟ್‌ನಲ್ಲಿ ಹೊರಬಂದ ಆವೃತ್ತಿಯಲ್ಲಿ ಅವರು ಸೇರಿಸಿದ ದುಷ್ಟ ತಂತ್ರಾಂಶವಿತ್ತು, ಅದು ಸುಮಾರು 22.7 ಲಕ್ಷ ಬಳಕೆದಾರರನ್ನು ತಲುಪಿತು. ಭದ್ರತೆಯನ್ನೇ ಕಸುಬಾಗಿಸಿಕೊಂಡ ಕಂಪನಿಗೂ ತಾನು ಕೊಳ್ಳುತ್ತಿರುವುದರ ಒಳಗೆ ಏನಿದೆ ಎಂಬುದು ಖರೀದಿಯ ಸಮಯದಲ್ಲಿ ಕಾಣಲಿಲ್ಲ.

ಸಣ್ಣ ಗ್ರಾಹಕರ ಸ್ಥಾನ

ಬ್ರಾಡ್‌ಕಾಮ್ ಕಂಪನಿ 2019ರಲ್ಲಿ ಸಿಮ್ಯಾಂಟೆಕ್‌ನ ಉದ್ಯಮ ವಿಭಾಗವನ್ನು 1,070 ಕೋಟಿ ಡಾಲರ್‌ಗೆ ಕೊಂಡಾಗ, ತನ್ನ ಗಮನ ವಿಶ್ವದ ಅತಿ ದೊಡ್ಡ ಎರಡು ಸಾವಿರದಷ್ಟು ಸಂಸ್ಥೆಗಳ ಮೇಲೆ ಎಂಬುದನ್ನು ಮುಚ್ಚಿಡಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ: ಸಾವಿರಾರು ಗಣಕಗಳಿರುವ ಒಬ್ಬ ಗ್ರಾಹಕರನ್ನು ನೋಡಿಕೊಳ್ಳುವುದು, ಹತ್ತಿಪ್ಪತ್ತು ಗಣಕಗಳಿರುವ ಸಾವಿರ ಗ್ರಾಹಕರನ್ನು ನೋಡಿಕೊಳ್ಳುವುದಕ್ಕಿಂತ ಅಗ್ಗ. ಅದೇ ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ, ಸರ್ವರ್‌ಗಳನ್ನು ನಡೆಸುವ ತಂತ್ರಾಂಶ ತಯಾರಿಸುವ ವಿಎಂವೇರ್ ಅನ್ನು ಕೊಂಡು, ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸಬಹುದಾದ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿ, ಎಲ್ಲರನ್ನೂ ಚಂದಾ ಪದ್ಧತಿಗೆ ಹೊರಳಿಸಿತು. ಅಮೆರಿಕದ ದೂರಸಂಪರ್ಕ ಕಂಪನಿ ಎಟಿ ಅಂಡ್ ಟಿಯಷ್ಟು ದೊಡ್ಡ ಗ್ರಾಹಕ ಕೂಡ ಹಳೆಯ ಕರಾರಿನಂತೆ ಬೆಂಬಲ ಕೊಡಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ವಕೀಲರ ಪಡೆ ಇರುವ ಕಂಪನಿಗೇ ಈ ಗತಿಯಾದರೆ, ಹತ್ತು ಗಣಕಗಳ ಕಚೇರಿ ಯಾರ ಬಳಿ ಹೋಗಬೇಕು?

ಈ ಬದಲಾವಣೆ ಕಲಬುರಗಿಗೆ ಇಳಿಯುವ ದಾರಿ ಹೀಗಿರುತ್ತದೆ. ಜಿಲ್ಲೆಯ ಸಣ್ಣ ಬ್ಯಾಂಕ್, ಆಸ್ಪತ್ರೆ ಅಥವಾ ಕಾಲೇಜು ಭದ್ರತಾ ತಂತ್ರಾಂಶವನ್ನು ಕಂಪನಿಯಿಂದ ನೇರವಾಗಿ ಕೊಳ್ಳುವುದು ಅಪರೂಪ. ನಡುವೆ ಬೆಂಗಳೂರಿನ ಅಥವಾ ಹೈದರಾಬಾದಿನ ವಿತರಕರು, ಅವರ ಕೆಳಗೆ ಸ್ಥಳೀಯ ಡೀಲರು ಇರುತ್ತಾರೆ. ಹೊಸ ಮಾಲೀಕರು ವಿತರಕರ ಪಟ್ಟಿಯನ್ನು ಮೊಟಕುಗೊಳಿಸಿದರೆ ಸ್ಥಳೀಯ ಡೀಲರಿಗೆ ಆ ಸರಕು ಸಿಗುವುದು ನಿಲ್ಲುತ್ತದೆ. ಕನಿಷ್ಠ ಖರೀದಿಯ ಪ್ರಮಾಣವನ್ನು ಏರಿಸಿದರೆ, ಹದಿನೈದು ಲೈಸೆನ್ಸ್ ಬೇಕಾದವರು ಬೇಡದ್ದನ್ನೂ ಸೇರಿಸಿ ಕೊಳ್ಳಬೇಕಾಗುತ್ತದೆ. ಬೇರೆ ಬೇರೆ ಸಿಗುತ್ತಿದ್ದ ಉತ್ಪನ್ನಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿದರೆ ರಿನ್ಯೂವಲ್ ಕೊಟೇಶನ್ನಿನ ಮೊತ್ತ ಬಜೆಟ್ ದಾಟುತ್ತದೆ. ಆಗ ಸಂಸ್ಥೆಯ ಮುಂದೆ ಉಳಿಯುವ ಆಯ್ಕೆಗಳಲ್ಲಿ ಅತಿ ಅಪಾಯಕಾರಿಯಾದದ್ದೇ ಅತಿ ಸುಲಭವೂ ಆಗಿರುತ್ತದೆ: ‘ಈ ವರ್ಷ ಹೀಗೇ ನಡೆಯಲಿ’ ಎಂದು ರಿನ್ಯೂ ಮಾಡದೆ ಬಿಡುವುದು. ಪರದೆಯ ಮೂಲೆಯಲ್ಲಿ ಆ್ಯಂಟಿವೈರಸ್‌ನ ಗುರುತು ಎಂದಿನಂತೆ ಕಾಣುತ್ತಲೇ ಇರುತ್ತದೆ, ಆದರೆ ಹೊಸ ವೈರಸ್‌ಗಳ ಪಟ್ಟಿ ಇಳಿಯುವುದು ನಿಂತಿರುತ್ತದೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ಮ್ಯಾಕಫಿಯನ್ನು ಇಂಟೆಲ್ 2010ರಲ್ಲಿ 768 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. 2017ರಲ್ಲಿ ಅದರ ಮೌಲ್ಯವನ್ನು 420 ಕೋಟಿ ಎಂದು ಲೆಕ್ಕ ಹಾಕಿ ಬಹುಪಾಲನ್ನು ಬಿಟ್ಟುಕೊಟ್ಟಿತು. 2021ರಲ್ಲಿ ಉದ್ಯಮ ವಿಭಾಗ ಬೇರೆಯವರಿಗೆ ಹೋಗಿ, ಫೈರ್‌ಐ ಎಂಬ ಇನ್ನೊಂದು ಭದ್ರತಾ ಕಂಪನಿಯ ಉತ್ಪನ್ನಗಳ ಜೊತೆ ಸೇರಿ, 2022ರಲ್ಲಿ ಟ್ರೆಲಿಕ್ಸ್ ಎಂದಾಯಿತು. ಹತ್ತು ವರ್ಷಗಳ ಹಿಂದೆ ಟೆಂಡರ್ ಕಡತದಲ್ಲಿ ಮ್ಯಾಕಫಿ ಎಂದು ಬರೆದಿಟ್ಟ ಕಚೇರಿಗೆ ಇಂದು ಟ್ರೆಲಿಕ್ಸ್ ಹೆಸರಿನಲ್ಲಿ ಬಂದ ಬಿಲ್ ಅಸಲಿಯೋ ನಕಲಿಯೋ ಎಂಬ ಸಂಶಯ ಬಂದರೆ ಅದು ನ್ಯಾಯವಾದ ಸಂಶಯ. ವಂಚಕರಿಗೂ ಇಂತಹ ಸಂಧಿಕಾಲ ಅನುಕೂಲಕರ: ‘ನಮ್ಮ ಕಂಪನಿಯ ಹೆಸರು ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ’ ಎಂಬ ಇಮೇಲ್ ನಂಬಿಕೆಗೆ ಅರ್ಹವಾಗಿ ಕಾಣುವುದು ಆಗಲೇ.

ಮನೆಬಳಕೆಯ ಆ್ಯಂಟಿವೈರಸ್

ಮನೆಗೆ ಕೊಳ್ಳುವವರು ಅಂಗಡಿಯಲ್ಲಿ ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ಎಂಬ ನಾಲ್ಕು ಹೆಸರುಗಳನ್ನು ಹೋಲಿಸಿ ನೋಡುತ್ತಾರೆ. ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಗೆ ಸೇರಿವೆ. ನಾರ್ಟನ್ ಮತ್ತು ಅವಾಸ್ಟ್‌ಗಳ ವಿಲೀನವನ್ನು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ವಿವರವಾಗಿ ಪರಿಶೀಲಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿತು. ವಿಂಡೋಸ್ ಜೊತೆ ಉಚಿತವಾಗಿ ಬರುವ ಮೈಕ್ರೋಸಾಫ್ಟ್‌ನ ರಕ್ಷಣೆಯೇ ಸಾಕಷ್ಟು ಪೈಪೋಟಿ ಎಂಬುದು ಅದರ ತೀರ್ಮಾನದ ಮುಖ್ಯ ಅಂಶ. ಬೆಲೆಯ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಬೆಲೆಯೊಂದೇ ಅಳತೆಯಲ್ಲ: ಬಳಕೆದಾರರ ಜಾಲತಾಣ ವೀಕ್ಷಣೆಯ ಮಾಹಿತಿಯನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕಾಗಿ ಅವಾಸ್ಟ್ 1.65 ಕೋಟಿ ಡಾಲರ್ ತೆರಬೇಕೆಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಆಯೋಗವಾದ ಎಫ್‌ಟಿಸಿ 2024ರಲ್ಲಿ ಪ್ರಕಟಿಸಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅಮೆರಿಕದಲ್ಲಿ ನಿಷೇಧಕ್ಕೊಳಗಾದ ರಷ್ಯಾದ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕೀ ತನ್ನ ಅಲ್ಲಿನ ಗ್ರಾಹಕರನ್ನು ಅಲ್ಟ್ರಾಎವಿ ಎಂಬ ಬೇರೆ ಕಂಪನಿಯ ಉತ್ಪನ್ನಕ್ಕೆ ವರ್ಗಾಯಿಸಿತು. ಹಲವರು ಗಣಕ ತೆರೆದಾಗ ಹಳೆಯ ಆ್ಯಂಟಿವೈರಸ್ ಮಾಯವಾಗಿ, ತಾವು ಕೇಳರಿಯದ ಇನ್ನೊಂದು ತಾನಾಗಿ ಕೂತಿತ್ತು. ಭದ್ರತಾ ತಂತ್ರಾಂಶಕ್ಕೆ ಗಣಕದೊಳಗೆ ಇರುವ ಅಧಿಕಾರ ಎಂಥದ್ದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಭಾರತದಲ್ಲಿ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7ನಂತಹ ದೇಶೀಯ ಕಂಪನಿಗಳಿರುವುದರಿಂದ ಮನೆಬಳಕೆದಾರರ ಆಯ್ಕೆ ಅಷ್ಟು ಸಂಕುಚಿತವಾಗಿಲ್ಲ. ಉದ್ಯಮ ಮಟ್ಟದ ಸಾಧನಗಳಲ್ಲಿ ಮಾತ್ರ ಆಯ್ಕೆ ಕಿರಿದಾಗುತ್ತಿದೆ.

ಎಲ್ಲರೂ ಒಂದೇ ಕಡೆ ನಿಂತಾಗ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಗಣಕಗಳು ಸ್ಥಗಿತಗೊಂಡವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅದಾಗಿ ಎರಡು ವಾರವೂ ಕಳೆಯುವ ಮೊದಲು, ಜುಲೈ 31ರಂದು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ನೀಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿಯಾದದ್ದು ಬಯಲಾಯಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ ಮುಂತಾದ ಸೌಲಭ್ಯಗಳಿಲ್ಲದೆ ಉಳಿದರು. ಮರುದಿನ ಸೇವೆ ಮರಳಿತು.

ಈ ಎರಡೂ ಘಟನೆಗಳಿಗೆ ಕಂಪನಿಗಳ ಖರೀದಿ ಕಾರಣವಲ್ಲ. ಖರೀದಿಯೇ ಕಾರಣವೆಂದು ವಾದಿಸುವವರು ಎರಡು ಬೇರೆ ವಿಷಯಗಳನ್ನು ಬೆರೆಸುತ್ತಿದ್ದಾರೆ. ಆದರೆ ಖರೀದಿಗಳು ಮಾರುಕಟ್ಟೆಯನ್ನು ಯಾವ ಆಕಾರಕ್ಕೆ ತಳ್ಳುತ್ತಿವೆಯೋ ಆ ಆಕಾರದಲ್ಲಿ ಒಂದು ತಪ್ಪಿಗೆ ಎಷ್ಟು ದೂರದ ಕೈ ಇರುತ್ತದೆ ಎಂಬುದನ್ನು ಅವು ತೋರಿಸಿದವು. ಹತ್ತು ಕಂಪನಿಗಳ ಹತ್ತು ಸಾಧನಗಳಿದ್ದರೆ ಸಣ್ಣ ಅವಘಡಗಳು ಹೆಚ್ಚು, ಅವುಗಳ ವ್ಯಾಪ್ತಿ ಕಿರಿದು. ಒಂದೇ ಕಂಪನಿಯ ಒಂದೇ ವೇದಿಕೆ ಇದ್ದರೆ ಅವಘಡಗಳು ವಿರಳ, ಆದರೆ ಆದಾಗ ಎಲ್ಲರಿಗೂ ಒಟ್ಟಿಗೇ ಆಗುತ್ತವೆ.

ಕಾನೂನು ಏನನ್ನು ನೋಡುತ್ತದೆ?

ಭಾರತದ ಸ್ಪರ್ಧಾ ಆಯೋಗಕ್ಕೆ 2024ರ ಸೆಪ್ಟೆಂಬರ್ 10ರಿಂದ ಹೊಸ ಅಧಿಕಾರ ಬಂದಿದೆ. ಒಪ್ಪಂದದ ಮೌಲ್ಯ 2,000 ಕೋಟಿ ರೂಪಾಯಿ ದಾಟಿದ್ದು, ಕೊಳ್ಳಲ್ಪಡುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರವಿದ್ದರೆ, ವಿದೇಶಿ ಕಂಪನಿಗಳ ನಡುವಿನ ಖರೀದಿಯೂ ಆಯೋಗದ ಒಪ್ಪಿಗೆಗೆ ಬರಬೇಕು. ಆದರೆ ಇಲ್ಲಿನ ಮತ್ತು ಹೊರದೇಶಗಳ ಸ್ಪರ್ಧಾ ಕಾನೂನುಗಳೆಲ್ಲ ಮುಖ್ಯವಾಗಿ ಕೇಳುವುದು ಪೈಪೋಟಿ ಕುಗ್ಗಿ ಗ್ರಾಹಕರಿಗೆ ನಷ್ಟವಾಗುತ್ತದೆಯೇ ಎಂಬುದನ್ನು. ವಿಝ್ ಪ್ರಕರಣದಲ್ಲೂ ಚರ್ಚೆ ನಡೆದದ್ದು, ಅಮೆಜಾನ್ ಮತ್ತು ಮೈಕ್ರೋಸಾಫ್ಟ್‌ನ ಕ್ಲೌಡ್‌ಗಳನ್ನೂ (ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಗುವ ಗಣಕ ವ್ಯವಸ್ಥೆಗಳನ್ನೂ) ಕಾಯುತ್ತಿದ್ದ ಕಂಪನಿ ಅವರ ಪ್ರತಿಸ್ಪರ್ಧಿಯ ಕೈಸೇರಿದರೆ ನಿಷ್ಪಕ್ಷವಾಗಿ ಉಳಿಯುವುದೇ ಎಂಬುದರ ಸುತ್ತ. ಎಲ್ಲ ಕ್ಲೌಡ್‌ಗಳಲ್ಲೂ ಸೇವೆ ಮುಂದುವರಿಯುವುದೆಂದು ಗೂಗಲ್ ಹೇಳಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯ ಪರಿಶೀಲನೆ ಮುಗಿಯಿತು. ಹಳೆಯ ಉತ್ಪನ್ನಕ್ಕೆ ಇನ್ನೆಷ್ಟು ವರ್ಷ ಪ್ಯಾಚ್ ಸಿಗುತ್ತದೆ ಎಂಬುದು ಇಂತಹ ವಿಚಾರಣೆಗಳ ಕೇಂದ್ರ ಪ್ರಶ್ನೆಯಾಗುವುದಿಲ್ಲ.

ಯುರೋಪ್ ಒಕ್ಕೂಟ ಈ ಕೊರತೆಯನ್ನು ಬೇರೆ ದಾರಿಯಿಂದ ತುಂಬಲು ಹೊರಟಿದೆ. ಅದರ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗಲಿವೆ. ಅವುಗಳಂತೆ, ಉತ್ಪನ್ನದ ಬಳಕೆಯ ಅವಧಿಯೇ ಕಡಿಮೆಯಿರದ ಹೊರತು, ತಯಾರಕರು ಕನಿಷ್ಠ ಐದು ವರ್ಷ ಭದ್ರತಾ ದೋಷಗಳನ್ನು ಸರಿಪಡಿಸುತ್ತಿರಬೇಕು. ಭಾರತದಲ್ಲಿ ಇದಕ್ಕೆ ಸಮನಾದ ಕಾನೂನಿಲ್ಲ. ಇಲ್ಲಿನ ನಿಯಮಗಳು ಹೊಣೆಯನ್ನು ಬಳಸುವವರ ಮೇಲೆ ಹಾಕುತ್ತವೆ. ಸೈಬರ್ ಘಟನೆಯನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕು, ಗಣಕದಲ್ಲಿ ಯಾವಾಗ ಏನು ನಡೆಯಿತೆಂಬುದನ್ನು ಬರೆದಿಡುವ ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರಲ್ಲೇ ನಿರ್ದೇಶಿಸಿದೆ. ಹಳೆಯ ಭದ್ರತಾ ಸಾಧನ ಅಲ್ಪಾವಧಿಯ ಸೂಚನೆಯ ಮೇಲೆ ಮುಚ್ಚಿಹೋದರೆ ಅದರೊಳಗಿನ ಲಾಗ್‌ಗಳೂ ಹೋಗಬಹುದು; ಉತ್ತರ ಹೇಳಬೇಕಾದವರು ಮಾತ್ರ ಬಳಸುತ್ತಿದ್ದ ಸಂಸ್ಥೆಯವರು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯೂ ಇದೇ ಧಾಟಿಯದು: ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ತನ್ನ ಪರವಾಗಿ ದತ್ತಾಂಶ ಸಂಸ್ಕರಿಸುವ ಹೊರಗಿನ ಕಂಪನಿಯ ಲೋಪಕ್ಕೂ ಮೂಲ ಸಂಸ್ಥೆಯೇ ಹೊಣೆ.

ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಗುತ್ತಿಗೆ ತಂತ್ರಜ್ಞಾನ ಸೇವೆಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ, ಒಂದೇ ಸೇವಾದಾರರ ಮೇಲೆ ಅತಿಯಾಗಿ ಅವಲಂಬಿತವಾಗುವ ಅಪಾಯವನ್ನು ಅಳೆಯಬೇಕು, ಒಪ್ಪಂದದಿಂದ ಹೊರಬರುವ ಯೋಜನೆ ಮೊದಲೇ ಸಿದ್ಧವಿರಬೇಕು ಎಂಬ ಒಳ್ಳೆಯ ಅಂಶಗಳಿದ್ದವು. ಆದರೆ ಗ್ರಾಮೀಣ ಬ್ಯಾಂಕುಗಳನ್ನೂ, ಒಂದು ಸಾವಿರ ಕೋಟಿ ರೂಪಾಯಿವರೆಗಿನ ಠೇವಣಿಯ ಪಟ್ಟಣ ಸಹಕಾರಿ ಬ್ಯಾಂಕುಗಳನ್ನೂ ಅದರ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಸಣ್ಣವರ ಮೇಲೆ ಹೊರೆ ಬೀಳಬಾರದೆಂಬುದು ಇದರ ಆಶಯವಿರಬೇಕು. ಫಲಿತಾಂಶ ಮಾತ್ರ ತಿರುಗುಮುರುಗಾಗಿದೆ: ಹೊರಬರುವ ಯೋಜನೆಯ ಅಗತ್ಯ ಅತಿ ಹೆಚ್ಚಾಗಿರುವವರಿಗೆ ಅದನ್ನು ಮಾಡಿಕೊಳ್ಳುವಂತೆ ಯಾರೂ ಹೇಳಲಿಲ್ಲ.

ಈ ಮೂರು ಜಿಲ್ಲೆಗಳಲ್ಲಿ ಮುಂದೇನು?

ಸದ್ಯದ ದಿಕ್ಕು ಹೀಗೇ ಮುಂದುವರಿದರೆ ಕಲಬುರಗಿ, ಬೀದರ್, ಯಾದಗಿರಿಯ ಸಂಸ್ಥೆಗಳು ಮೊದಲು ಕಾಣುವುದು ರಿನ್ಯೂವಲ್ ದರದ ಏರಿಕೆಯನ್ನು, ನಂತರ ಉತ್ಪನ್ನಗಳ ಹೆಸರು ಬದಲಾವಣೆಯನ್ನು, ಆಮೇಲೆ ‘ಈ ಆವೃತ್ತಿಗೆ ಇನ್ನು ಬೆಂಬಲವಿಲ್ಲ’ ಎಂಬ ಸೂಚನೆಯನ್ನು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೂ ಪರಿಣಾಮವಿದೆ. ಯಾವುದೋ ಒಂದು ಕಂಪನಿಯ ಸಾಧನದ ಮೇಲೆ ಪಡೆದ ಪ್ರಮಾಣಪತ್ರದ ಬೆಲೆ ಆ ಸಾಧನ ಉಳಿಯುವವರೆಗೆ ಮಾತ್ರ. ಜಾಲಗಳು ಹೇಗೆ ಮಾತಾಡುತ್ತವೆ, ಲಾಗ್ ಹೇಗೆ ಓದಬೇಕು ಎಂಬ ಮೂಲಜ್ಞಾನಕ್ಕೆ ಆ ಮಿತಿಯಿಲ್ಲ.

ಸಣ್ಣ ಸಂಸ್ಥೆಗಳ ಕೈಯಲ್ಲಿರುವ ಉಪಕರಣವೆಂದರೆ ಕರಾರು. ಮುಂದಿನ ಟೆಂಡರಿನಲ್ಲಿ, ಮಾರಾಟಗಾರ ಕಂಪನಿ ಬೇರೆಯವರ ಪಾಲಾದರೆ ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು, ಕರಾರಿನ ಅವಧಿ ಮುಗಿಯುವವರೆಗೆ ಅದೇ ದರಕ್ಕೆ ಪ್ಯಾಚ್ ಮತ್ತು ಬೆಂಬಲ ಮುಂದುವರಿಯಬೇಕು, ಲಾಗ್‌ಗಳನ್ನು ಬೇರೆ ಸಾಧನದಲ್ಲೂ ಓದಬಹುದಾದ ರೂಪದಲ್ಲಿ ಹಿಂತಿರುಗಿಸಬೇಕು, ಬೇಡವೆನಿಸಿದರೆ ಉಳಿದ ತಿಂಗಳುಗಳ ಹಣ ಮರಳಿ ಪಡೆದು ಹೊರಬರಲು ಅವಕಾಶವಿರಬೇಕು ಎಂಬ ಷರತ್ತುಗಳನ್ನು ಸೇರಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಅಡ್ಡಿ ಇರುವುದು ಚೌಕಾಸಿಯ ಬಲದಲ್ಲಿ. ಹದಿನೈದು ಲೈಸೆನ್ಸ್ ಕೊಳ್ಳುವ ಸಂಘದ ಷರತ್ತನ್ನು ಬಹುರಾಷ್ಟ್ರೀಯ ಕಂಪನಿ ಓದಿಯೂ ನೋಡುವುದಿಲ್ಲ.

ಒಟ್ಟಾಗಿ ಕೊಳ್ಳುವುದು ಇದಕ್ಕೆ ಒಂದು ದಾರಿ. ಪಟ್ಟಣ ಸಹಕಾರಿ ಬ್ಯಾಂಕುಗಳಿಗಾಗಿ 2024ರ ಮಾರ್ಚ್ 2ರಂದು ಉದ್ಘಾಟನೆಯಾದ ರಾಷ್ಟ್ರೀಯ ಪಟ್ಟಣ ಸಹಕಾರಿ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಉದ್ದೇಶಗಳಲ್ಲಿ ಇಂತಹ ತಂತ್ರಜ್ಞಾನ ನೆರವೂ ಸೇರಿದೆ. ನೂರಾರು ಬ್ಯಾಂಕುಗಳ ಪರವಾಗಿ ಒಂದೇ ಸಂಸ್ಥೆ ಮಾತಿಗೆ ಕುಳಿತರೆ ದರ ಇಳಿಯುತ್ತದೆ, ಷರತ್ತುಗಳಿಗೂ ಬೆಲೆ ಬರುತ್ತದೆ. ಆದರೆ ನೂರಾರು ಬ್ಯಾಂಕುಗಳು ಒಂದೇ ಸೇವಾದಾರರನ್ನು ನೆಚ್ಚಿಕೊಂಡಾಗ ಏನಾಗಬಹುದು ಎಂಬುದನ್ನು ಸಿ-ಎಡ್ಜ್ ಪ್ರಕರಣ ತೋರಿಸಿದೆ. ಆದ್ದರಿಂದ ಒಟ್ಟಾಗಿ ಕೊಳ್ಳುವವರು ಆ ಬಲವನ್ನು ದರ ಇಳಿಸಿಕೊಳ್ಳಲು ಬಳಸುವ ಮೊದಲು, ಪ್ರತಿ ಬ್ಯಾಂಕೂ ತನ್ನ ಲಾಗ್ ಮತ್ತು ದತ್ತಾಂಶದೊಡನೆ ಪ್ರತ್ಯೇಕವಾಗಿ ಹೊರಬರಬಹುದು ಎಂಬ ಷರತ್ತನ್ನು ಬರೆಸಿಕೊಳ್ಳಲು ಬಳಸಬೇಕಾಗುತ್ತದೆ. ದರವನ್ನು ಮುಂದಿನ ವರ್ಷ ಮತ್ತೆ ಚೌಕಾಸಿ ಮಾಡಬಹುದು, ಮಾಲೀಕರು ಬದಲಾದ ಮೇಲೆ ಈ ಷರತ್ತನ್ನು ಸೇರಿಸಲು ಬರುವುದಿಲ್ಲ.